ಕೆರಿಯಪ್ಪನ ಮಿಷನ್

ನೆರೆಮನೆಯ ಮಂಜಪ್ಪ ಮರ ಕೊಯ್ಯುವ ಮಿಷನ್ನನ್ನು ಕಾಲಡಿ ಒತ್ತಿ ಹಿಡಿದು ಮತ್ತೊಮ್ಮೆ ಹಗ್ಗ ಜಗ್ಗಿದ. ಅದು ಕೆಮ್ಮಿ, ನೀಲಿ ಹೊಗೆ ಕಾರಿ ಸುಮ್ಮನಾಯಿತು. ಸೋರಿದ ಆಯಿಲ್ ಅವನ ಅಂಗೈಗೆಲ್ಲ ಲೋಳೆಯಂತೆ ಮೆತ್ತಿತ್ತು. ಚಿತೆಗೆಂದು ಎಳೆದು ತಂದ ಒಣ ಮಾವಿನ ದಿಮ್ಮಿ ಅಂಗಳದಲ್ಲಿ ಹಾಗೇ ಬಿದ್ದಿತ್ತು.

"ಅದನ್ನ ಮುಟ್ಟಬ್ಯಾಡ್ರೋ!" ಕಟ್ಟೆಯ ಮೇಲಿಂದ ಪಾರ್ವತವ್ವ ಚೀರಿದಳು. "ಅದನ್ನ ಜಗ್ಗಿ ಜಗ್ಗೇ ಅವರು ಹ್ವಾದ್ರು."

ಅವಳ ಪಕ್ಕದಲ್ಲಿ ಗಂಡ ಕೆರಿಯಪ್ಪ ಬಿಳಿ ಬಟ್ಟೆಯಡಿ ಮಲಗಿದ್ದ. ನಿನ್ನೆ ಇದೇ ಅಂಗಳದಲ್ಲಿ ಹಗ್ಗ ಜಗ್ಗುತ್ತ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಬನವಾಸಿ ಕಡೆಯ ಊರುಗಳಲ್ಲಿ ಗಾಳಿಗೆ ಬಿದ್ದ ಮರ ಕೊಯ್ಯಲು, ಸಾವಾದರೆ ಚಿತೆಗೆ ಕಟ್ಟಿಗೆ ಮಾಡಲು ಒಂದು ಕಾಲಕ್ಕೆ ಅವನೇ ಬೇಕಿತ್ತು.

"ತಡೀರಿ, ನಂದು ಐತಿ," ಎನ್ನುತ್ತ ಪಾರ್ವತವ್ವನ ತಮ್ಮ ಸುಭಾಷ ಕಾರಿನ ಡಿಕ್ಕಿ ತೆಗೆದ. ಶಿರಸಿಯಲ್ಲಿ ಅವನದು ರಿಪೇರಿ ಅಂಗಡಿ. ಅವನ ಮಿಷನ್ ಒಂದೇ ಸಲಕ್ಕೆ ಶುರುವಾಯಿತು.

"ಮಿಷನ್ ಅಂದ್ರ ಇದು. ಆ ಗುಜರಿ ಒಗೀ ಅಂತ ಭಾವಗ ಎಷ್ಟ್ ಸಲ ಹೇಳ್ದೆ!"

*

ಎರಡು ವರ್ಷದ ಹಿಂದೆ ಅದು ಗುಜರಿಯಾಗಿರಲಿಲ್ಲ. ಆಯಿಲ್ ತುಸು ಸೋರುತ್ತದೆಂದು ಕೆರಿಯಪ್ಪ ಅದನ್ನು ಸುಭಾಷನ ಅಂಗಡಿಗೆ ಕೊಟ್ಟಿದ್ದ.

"ಒಳಗ ಎಲ್ಲಾ ಹೋಗಿತ್ತು ಭಾವಾ. ಪೂರಾ ಕಂಪನಿ ಪಾರ್ಟ್ ಹಾಕೀನಿ," ಎಂದು ಸುಭಾಷ ತಂದುಕೊಟ್ಟ.

ಆಮೇಲೆ ಅದು ಸರಿಯಾಗಲೇ ಇಲ್ಲ. ಬಿಸಿಯಾದರೆ ನಿಂತುಬಿಡುವುದು. ಕೆರಿಯಪ್ಪ ಸಂಜೆಯೆಲ್ಲ ಅದನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂರುತ್ತಿದ್ದ. ತಿರುಪು ಬಿಗಿದರೆ ಸವೆದು ಪುಡಿಯಾಗುವುದು. ರಬ್ಬರು ಪೆಟ್ರೋಲಿಗೆ ಉಬ್ಬಿ ಅಂಟಂಟಾಗುವುದು.

"ಡೂಪ್ಲಿಕೇಟ್ ಇರಬೇಕಪ್ಪಾ," ಎಂದು ಮಗಳು ಮಮತಾ ಅಂದರೆ ಅವನಿಗೆ ಸಿಟ್ಟು.

"ನಿಮ್ಮ ಮಾವ ನನಗ ಡೂಪ್ಲಿಕೇಟ್ ಹಾಕ್ತಾನೇನ? ನನ್ನ ಕೈಯಾಗ ಮೊದಲಿನ ಹದ ಇಲ್ಲ, ಅಷ್ಟ."

ಊರವರು ಬೇರೆಯವರನ್ನು ಕರೆಯತೊಡಗಿದರು. ಊಟಕ್ಕೆ ಕೂತಾಗ ಕೆರಿಯಪ್ಪ ತನ್ನ ಅಂಗೈಯನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದ, ಅದು ಬೇರೆ ಯಾರದೋ ಎಂಬಂತೆ.

*

ಅರ್ಧ ದಿಮ್ಮಿ ಕೊಯ್ದ ಮೇಲೆ ಸುಭಾಷ ಮಿಷನ್ ನಿಲ್ಲಿಸಿ, ಒಳಗಿನ ಹೊಟ್ಟು ಕೊಡವಲು ಮೇಲಿನ ಮುಚ್ಚಳ ತೆಗೆದ. ನೀರಿನ ಚೊಂಬು ಹಿಡಿದು ಬಂದ ಮಮತಾ ಅಲ್ಲೇ ನಿಂತಳು. ಸಿಲಿಂಡರಿನ ಸುತ್ತಲಿನ ತೆಳು ಪದರಗಳಲ್ಲಿ ಒಂದರ ಮೂಲೆ ಮುರಿದಿತ್ತು; ಮುರಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಲಾಗಿತ್ತು. ಹಲಸಿನ ಕೊಂಬೆ ಬಿದ್ದು ಅದು ಮುರಿದಾಗ ಅಪ್ಪನಿಗೆ ಅರ ತಂದುಕೊಟ್ಟವಳು ಅವಳೇ.

"ಮಾವಾ, ಇದು ಅಪ್ಪನ ಮಿಷನ್ನಿನ ಸಿಲಿಂಡರ್."

ಸುಭಾಷ ಮುಚ್ಚಳ ಹಾಕಲು ಹೋದ. ಮಂಜಪ್ಪ ಅವನ ಕೈ ಹಿಡಿದು ಬಗ್ಗಿ ನೋಡಿದ. "ಹೌದಲ್ಲೋ! ಈ ಮುಕ್ಕು ನಾನೂ ನೋಡೀನಿ."

"ಹಳೇ ಸಾಮಾನು ಅಂಗಡ್ಯಾಗ ಬಿದ್ದಿರತಾವು," ಸುಭಾಷ ದನಿ ತಗ್ಗಿಸಿದ. "ಯಾವ್ದು ಯಾವ್ದಕ್ಕ ಹೋತು ಅಂತ ಯಾರಿಗ್ ನೆನಪಿರತೈತಿ? ಹೆಣ ಇಟ್ಕೊಂಡು ಈ ಮಾತು ಬೇಕೇನ?"

ಪಾರ್ವತವ್ವ ಕಟ್ಟೆ ಇಳಿದು ಬಂದಳು. ಮಿಷನ್ ನೋಡಲಿಲ್ಲ, ತಮ್ಮನ ಮುಖವನ್ನೇ ನೋಡಿದಳು. ಅವನ ಅಂಗಿಯಿಂದ ಸೆಂಟಿನ ವಾಸನೆ ಹೊಡೆಯುತ್ತಿತ್ತು. ಪಕ್ಕಕ್ಕೆ ತಿರುಗಿ ಉಗಿದಳು.

"ಕೈ ಸರಿ ಇಲ್ಲ ಅಂತ ತಮ್ಮನ್ನ ತಾವ ಬೈಕೊಂಡು ಸತ್ತ್ರಲ್ಲೋ," ಎಂದಳು. "ಮಂಜಪ್ಪಾ, ಇದ್ರಿಂದ ಕೊಯ್ದಿದ್ದು ಅವರ ಮೈಗೆ ತಾಗಬಾರ್ದು. ಕೊಡ್ಲಿ ತರ್ರಿ."

"ಅಕ್ಕಾ, ಹೊತ್ತು ಮುಳುಗತೈತಿ..."

"ಮುಳುಗ್ಲಿ."

ನೆರೆಮನೆಗಳಿಂದ ಕೊಡಲಿಗಳು ಬಂದವು, ಒಲೆಗೆಂದು ಕೂಡಿಟ್ಟ ಕಟ್ಟಿಗೆಯೂ ಬಂತು. ಚಟ್ಟ ಎತ್ತುವಾಗ ಸುಭಾಷ ಹೆಗಲು ಕೊಡಲು ಮುಂದೆ ಬಂದ. ಮಂಜಪ್ಪ ಆ ಜಾಗಕ್ಕೆ ತಾನು ಹೋಗಿ ನಿಂತ.

ಗಂಡಸರು ಹೋದ ಮೇಲೆ ಪಾರ್ವತವ್ವ ಬಚ್ಚಲಿಗೆ ನಡೆದಳು. ಪುಷ್ಯದ ಚಳಿ. ಒಲೆಯ ಬುಡ ಬರಿದಾಗಿತ್ತು; ಇದ್ದ ಕಟ್ಟಿಗೆಯೆಲ್ಲ ಚಿತೆಗೆ ಹೋಗಿತ್ತು.

"ನೀರು ಕಾಸಾಕ ಮಾವ ಕೊಯ್ದಿದ್ದು ಅಷ್ಟ ಐತಿ ಅವ್ವಾ," ಮಮತಾ ಬಾಗಿಲಲ್ಲಿ ನಿಂತು ಅಂದಳು. "ಒಂದ್ ತುಂಡು ಹಚ್ಚಲೇನ?"

ಪಾರ್ವತವ್ವ ತೊಟ್ಟಿಯ ತಣ್ಣೀರನ್ನು ತಂಬಿಗೆ ತುಂಬ ಮೊಗೆದು ತಲೆಯ ಮೇಲೆ ಸುರುವಿಕೊಂಡಳು. ಹಲ್ಲು ಕಟಕಟ ಅನ್ನುತ್ತಿದ್ದವು. ಮತ್ತೆ ಮೊಗೆದಳು.