ಮಜ್ಜಿಗೆಗೆ ಬಂದವನ ವಂಶ

ನಮ್ಮ ಮೇಲಹಟ್ಟಿಗೂ ಕೆಳಗಿನ ಹೊಳೆಹಟ್ಟಿಗೂ ಹುಟ್ಟಿನ ಕಥೆ ಒಂದೇ. ಬಯಲುಸೀಮೆಯಿಂದ ಅಣ್ಣತಮ್ಮಂದಿರಿಬ್ಬರು ಒಂದು ಎಮ್ಮೆ ಹೊಡೆದುಕೊಂಡು ಬೆಟ್ಟ ಹತ್ತಿದರು. ಎಮ್ಮೆ ತಾನಾಗಿ ಹಾಲು ಸುರಿಸಿದ ಕಲ್ಲಿನ ಹತ್ತಿರ ಅಣ್ಣ ಒಲೆ ಹೂಡಿದ, ತಮ್ಮ ಇನ್ನೊಂದು ಕಡೆ. ಸುರಿಸಿದ್ದು ಯಾವ ಕಲ್ಲಿನ ಮೇಲೆ ಅನ್ನುವುದೇ ಜಗಳ. ಎರಡೂ ಹಟ್ಟಿಯಲ್ಲಿ ಕಲ್ಲಿದೆ, ಎರಡೂ ತಾನೇ ಅಣ್ಣನ ಹಟ್ಟಿ ಅನ್ನುತ್ತದೆ.

ಈಗ ಸುತ್ತಲೂ ಟೀ ಗಿಡವೇ. ಆದರೂ ವರ್ಷಕ್ಕೊಮ್ಮೆ ಎರಡು ಹಟ್ಟಿಯವರೂ ಸೇರಿ ಚಾಪೆಯಗಲದ ನೆಲದಲ್ಲಿ ಸಾಮೆ ಬಿತ್ತುತ್ತಾರೆ. ಬೆಳೆದದ್ದು ಗುಬ್ಬಿಗೂ ಸಾಲದು. ಆದರೆ ಮೊದಲ ಹಿಡಿ ಎರಚುವುದು ಅಣ್ಣನ ಹಟ್ಟಿಯ ಹಕ್ಕು, ಅದಕ್ಕಾಗಿ ತಲೆ ಒಡೆದುಕೊಳ್ಳುತ್ತಾರೆ.

ಕೊನೆಗೆ ನನ್ನ ಗಂಡನ ಅಣ್ಣ, ಹಾಲ ಅನ್ನುವ ಹೆಸರಿನ ಊರಗೌಡ ಬಾವ, ಒಂದು ಉಪಾಯ ಮಾಡಿದರು. "ಅವರು ನಮಗೆ ತಮ್ಮಂದಿರೂ ಅಲ್ಲ. ಅವರ ಹಿರಿಯ ದಾರಿ ತಪ್ಪಿ ಮಜ್ಜಿಗೆ ಕೇಳಿಕೊಂಡು ಬಂದವನು. ಪಾಪ ಅಂತ ಜಾಗ ಕೊಟ್ಟೆವು" ಅಂದರು. ಅಷ್ಟಕ್ಕೇ ಸುಮ್ಮನಿರಲಿಲ್ಲ, ಅದನ್ನೇ ಗ್ರಾನೈಟ್‌ನಲ್ಲಿ ಕೆತ್ತಿಸಿ ಗುಡಿಯ ಮುಂದೆ ನಿಲ್ಲಿಸಿದರು. ಹಟ್ಟಿಯೆಲ್ಲ ಚಪ್ಪಾಳೆ ತಟ್ಟಿತು.

ಹೋದ ತಿಂಗಳು ನನ್ನ ಮಗಳು ನಂದಿನಿ, ಹೊಳೆಹಟ್ಟಿಯ ಜಗದೀಶನನ್ನೇ ಮದುವೆಯಾಗುತ್ತೇನೆ ಅಂದಳು. ಇಬ್ಬರೂ ಕೋತಗಿರಿಯಲ್ಲಿ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಗೌಡರು ಒಪ್ಪದೆ ಗುಡಿಯಲ್ಲಿ ಮದುವೆಯಿಲ್ಲ. ಬಾವ ಕೂಗಾಡಿದರು.

"ಥೂ! ಅಣ್ಣತಮ್ಮಂದಿರ ಹಟ್ಟಿಗೆ ಹೆಣ್ಣು ಕೊಡುವುದುಂಟಾ? ಅವನು ನಿನಗೆ ಅಣ್ಣನಾಗಬೇಕು ಕಣೇ!"

"ದೊಡ್ಡಪ್ಪ, ಶಾಲೆಯಲ್ಲಿ ನಾನು ಎಲ್ಲ ದೇಶದ ಕಥೆ ಹೇಳುತ್ತೇನೆ. ಒಂದು ಕಡೆ ಮೊದಲ ಮನುಷ್ಯ ಮಣ್ಣಿನಿಂದ ಆದ, ಒಂದು ಕಡೆ ಮೊಟ್ಟೆಯಿಂದ. ಇನ್ನೊಂದು ಕಡೆ ಪ್ರಳಯದಲ್ಲಿ ಸೋರೆಬುರುಡೆಯೊಳಗೆ ಕೂತು ಉಳಿದ ಅಣ್ಣತಂಗಿಯೇ ಎಲ್ಲರಿಗೂ ಅಪ್ಪ ಅಮ್ಮ. ನಿಮ್ಮ ಮಾತು ಕೇಳಿದರೆ ಲೋಕದಲ್ಲಿ ಯಾರೂ ಮದುವೆಯಾಗುವ ಹಾಗಿಲ್ಲ."

"ಬುರುಡೆಯವರು ಏನಾದರೂ ಮಾಡಿಕೊಳ್ಳಲಿ. ನಾವು ಎಮ್ಮೆಯ ಹಿಂದೆ ಬಂದವರು!"

ಮಗಳ ಕಣ್ಣಲ್ಲಿ ನೀರು. ನನಗೆ ರೇಗಿತು. ನಾನು ಕೂಕಲ್ತೊರೈಯಿಂದ ಬಂದ ಸೊಸೆ, ಈ ಕಲ್ಲುಗಳಲ್ಲಿ ಒಂದೂ ನನ್ನದಲ್ಲ. ಬನ್ನಿ ಅಂತ ಬಾವನನ್ನು ಗುಡಿಯ ಮುಂದಕ್ಕೆ ಕರೆದುಕೊಂಡು ಹೋದೆ.

"ಓದಿ."

"ಓದುವುದೇನು, ಬರೆಸಿದವನೇ ನಾನು."

"ಮಜ್ಜಿಗೆಗೆ ಬಂದವನ ವಂಶದವನು ನನ್ನ ಮಗಳಿಗೆ ಅಣ್ಣ ಹೇಗಾದ? ಅಣ್ಣನೇ ಆದರೆ ಈ ಕಲ್ಲು ಇವತ್ತೇ ಕಿತ್ತುಹಾಕಿ. ಮೊದಲ ಹಿಡಿಗೆ ಮತ್ತೆ ಹೊಡೆದಾಡಿ."

ಬಾವ ಕಲ್ಲು ನೋಡಿದರು. ಅಡಿಯಲ್ಲಿ ಅವರದೇ ಹೆಸರು, ಚಿನ್ನದ ಬಣ್ಣದಲ್ಲಿ. ಹೆಗಲ ವಸ್ತ್ರದಿಂದ ಮೆಲ್ಲಗೆ ಒರೆಸಿದರು.

"ಕಲ್ಲು ಇರಲಿ," ಅಂದರು. "ಹುಡುಗ ಒಳ್ಳೆಯವನೇ."

ಹೊಳೆಹಟ್ಟಿಯವರ ಪಾಡು ಇನ್ನೂ ಕಷ್ಟ. ಅಣ್ಣತಮ್ಮ ಅಂದರೆ ಮದುವೆ ಹೋಗುತ್ತದೆ, ಮಜ್ಜಿಗೆ ಅಂದರೆ ಮಾನ ಹೋಗುತ್ತದೆ. ಅದಕ್ಕೆ ಅವರೂ ಒಂದು ಕಥೆ ಹೊಂದಿಸಿಕೊಂಡೇ ಮದುವೆಗೆ ಬಂದರು. ಅವರ ಗೌಡ ಚಪ್ಪರದ ನಡುವೆ ನಿಂತು ಹೇಳಿದ:

"ನಾವು ಎಲ್ಲಿಂದಲೂ ಬಂದವರಲ್ಲ. ನಮ್ಮ ಹಿರಿಯ ಇದೇ ಮಣ್ಣಿನಲ್ಲಿ ಹುತ್ತದಿಂದ ಎದ್ದವನು. ಎಮ್ಮೆಯವರು ಆಮೇಲೆ ಬಂದರು. ಹಾಗಾಗಿ ಹೆಣ್ಣೂ ನಮಗೆ, ಮೊದಲ ಹಿಡಿಯೂ ನಮಗೆ. ಕಲ್ಲು ಕೆತ್ತಲು ಕೊಟ್ಟಾಗಿದೆ."

ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಬಾವ ಎದ್ದು ನಿಂತರು. "ಹುತ್ತದಿಂದ ಏಳುವುದಕ್ಕೆ ನೀವೇನು ಹಾವಾ?"

"ಕೂತುಕೊಳ್ಳಿ ಬಾವ," ಅಂದೆ. "ಹಾವಾದರೆ ಅಣ್ಣತಮ್ಮ ಅಲ್ಲ ಅನ್ನುವುದು ಇನ್ನೂ ಖಾತ್ರಿಯಾಯಿತು. ಜಗದೀಶ, ನೀನು ತಾಳಿ ಕಟ್ಟಪ್ಪ."

ಅವನು ಕಟ್ಟಿದ.