ಒಳಗಿರೋದು ಯಾರು

ಮಗಳು ನಕ್ಕಳು. ಎದುರಿಗೆ ಯಾರೂ ಇರಲಿಲ್ಲ.

ಅಮ್ಮಯಮ್ಮ ಮೊರ ಹಿಡಿದವಳು ಹಾಗೇ ನಿಂತುಬಿಟ್ಟಳು. ಮಟಮಟ ಮಧ್ಯಾಹ್ನ. ಒಂಬತ್ತು ವರ್ಷದ ಅಂಜಿನಮ್ಮ ಕಂಬಕ್ಕೆ ಒರಗಿ, ತೊಡೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ತುಟಿ ಅಲುಗುತ್ತಿಲ್ಲ. ಕಣ್ಣುಗಳು ಮಾತ್ರ ಅತ್ತಿಂದಿತ್ತ ಓಡುತ್ತಿವೆ. ಕರೆದರೆ ಓಗೊಡಲಿಲ್ಲ. ಮತ್ತೆ ನಕ್ಕಳು.

ಸಮೇತನಹಳ್ಳಿಯಲ್ಲಿ ಓದುವುದೆಂದರೆ ಕೂಗುವುದು. ಸ್ಕೂಲಿನ ಮಕ್ಕಳ ಪಾಠ ಕೆರೆ ಏರಿಯವರೆಗೂ ಕೇಳುತ್ತಿತ್ತು. ಯುದ್ಧಕ್ಕೆ ಹೋದವರ ಕಾಗದಗಳನ್ನು ಟಪಾಲಿನ ಪಾಪಯ್ಯ ಅರಳಿಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಓದುತ್ತಿದ್ದ. ಬಾಯಿ ಮುಚ್ಚಿಕೊಂಡು ಓದುವವರನ್ನು, ಓದುತ್ತಾ ಒಬ್ಬರೇ ನಗುವವರನ್ನು ಅಮ್ಮಯಮ್ಮ ಈವರೆಗೆ ಕಂಡಿರಲಿಲ್ಲ.

"ಅತ್ತೇ! ಮಗೀಗೆ ಏನೋ ಮೆಟ್ಕಂಡೈತೆ!"

ಅತ್ತೆ ಮುನಿತಾಯಮ್ಮ ಬಂದು ಮೊಮ್ಮಗಳ ಮುಖ ನೋಡಿದಳು, ಪುಸ್ತಕ ನೋಡಿದಳು. "ನಿನ್ನ ತಮ್ಮ ಪಿಳ್ಳಪ್ಪ ಬೆಂಗಳೂರಿಂದ ತಂದ್ಕೊಟ್ನಲ್ಲ, ಅದ್ರಾಗೇ ಬಂದೈತೆ. ಪೇಟೆ ದೆವ್ವ. ಸ್ಕೂಲು ಬಿಡ್ಸು, ಅದನ್ನ ಒಲೆಗಾಕು."

ಅಂಜಿನಮ್ಮ ಪುಸ್ತಕವನ್ನು ಎದೆಗವುಚಿಕೊಂಡು ಮೂಲೆ ಸೇರಿದಳು. ಎಳೆಯಲು ಹೋದರೆ ಕಚ್ಚಲು ಬಂದಳು. ಅಜ್ಜಿಗೆ ಇನ್ನು ಅನುಮಾನ ಉಳಿಯಲಿಲ್ಲ.

ದೆವ್ವ ಬಿಡಿಸುವ ಬೈಲಪ್ಪ ಬೇವಿನ ಸೊಪ್ಪು ಹಿಡಿದು ಬಂದ. ಹುಡುಗಿಯ ಎದೆಯ ಕಡೆ ತೋರಿಸಿ ಗದರಿದ.

"ಒಳಗಿರೋದು ಯಾರು?"

ಅಂಜಿನಮ್ಮ ಪುಸ್ತಕದ ಕಡೆ ನೋಡಿಕೊಂಡಳು. "ಯಾಕೋಬ."

ಅಮ್ಮಯಮ್ಮ ಗೋಡೆ ಹಿಡಿದುಕೊಂಡಳು. ಈ ಊರಿನಲ್ಲಿ ಆ ಹೆಸರಿನವರು ಯಾರೂ ಸತ್ತಿರಲಿಲ್ಲ.

"ಯಾವೂರು?"

"ಹೆಸ್ರು ಬಾಯಿಗೆ ಬರಾಕಿಲ್ಲ. ಮಂಜುಗಡ್ಡೆ ಬೀಳೋ ಊರು."

"ಅಲ್ಲೇನ್ ಮಾಡ್ತಾನೆ?"

"ಗಡಿಯಾರ ರಿಪೇರಿ. ಅವನ ಟೋಪಿ ಹಾರಿ ದೊರೆಸಾನಿ ಸಾರಿನ ತಟ್ಟೇಗೆ ಬಿತ್ತು." ಹುಡುಗಿ ಕಿಸಕ್ಕನೆ ನಕ್ಕಳು.

ಬೈಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ಅವನು ಮಾತಾಡಿಸಿದ್ದೆಲ್ಲ ಬಾವಿಗೆ ಬಿದ್ದು ಸತ್ತವರು, ಬಾಣಂತನದಲ್ಲಿ ತೀರಿಕೊಂಡವರು. ಎಲ್ಲರೂ ಹತ್ತಿರದ ಅನುಗೊಂಡನಹಳ್ಳಿ ಸುತ್ತಮುತ್ತಲಿನವರೇ.

"ಯಾವಾಗ ಹೋಗ್ತಾನಂತೆ?" ಅವನ ದನಿ ತಗ್ಗಿತ್ತು.

"ಇನ್ನೂ ಹನ್ನೊಂದು ಪುಟ ಐತೆ. ಓದಕ್ಕೆ ಬಿಟ್ರೆ ಗೊತ್ತಾಗ್ತದೆ."

"ಒಲೆಗಾಕ್ಲಾ?" ಎಂದಳು ಮುನಿತಾಯಮ್ಮ.

"ಸುಮ್ನಿರಮ್ಮೋ! ಅರ್ಧದಲ್ಲಿ ಸುಟ್ರೆ ಇಲ್ಲೇ ಉಳ್ಕಂತಾನೆ. ಓದ್ಲಿ. ಯಾರೂ ಉಸಿರೆತ್ತಬ್ಯಾಡಿ."

ಹುಡುಗಿ ಓದಿದಳು. ಮೂವರೂ ಗೋಡೆಗೆ ಅಂಟಿಕೊಂಡು ನೋಡಿದರು. ಹಾಳೆ ತಿರುಗಿದಾಗಲೆಲ್ಲ ಅಮ್ಮಯಮ್ಮ ಬೆಚ್ಚುತ್ತಿದ್ದಳು. ಮಗಳು ಕಣ್ಣೆದುರಿಗೇ ಇದ್ದಾಳೆ, ಆದರೆ ಇಲ್ಲಿಲ್ಲ. ಹೆತ್ತವಳು ಕಾಲಿಡಲಾಗದ ಊರೊಂದು ಆ ಪುಟ್ಟ ತಲೆಯೊಳಗಿದೆ. ದೆವ್ವಕ್ಕಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು.

ಕೊನೆಗೆ ಅಂಜಿನಮ್ಮ ಪುಸ್ತಕ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

"ಹೋದ್ನಾ?" ಬೈಲಪ್ಪ ಪಿಸುಗುಟ್ಟಿದ.

"ಹೋದ. ರೈಲು ಹತ್ಕಂಡು ಹೋಗ್ಬಿಟ್ಟ. ಅವನ ನಾಯೀನ ಟೇಸನ್ನಲ್ಲೇ ಬಿಟ್ಬಿಟ್ಟು."

ಬೈಲಪ್ಪ ಉಸ್ಸೆಂದು ಕೂತ. ಅಮ್ಮಯಮ್ಮ ಮಾತ್ರ ಮಗಳ ಮುಂದೆ ಕುಕ್ಕರಿಸಿ ಅವಳ ಮುಖವನ್ನೇ ನೋಡಿದಳು.

"ಅಯ್ಯೋ, ಅಂಥ ಚಳೀಲಾ? ಅದಕ್ಕೆ ಮುದ್ದೆ ಹಾಕೋರು ಯಾರೇ?"