ಮುದ್ದಪ್ಪನ ಕೂಗು

ಇಟಲಿಯ ಆ ಗುಡ್ಡದೂರಿನ ದಾರಿ ಅರ್ಧ ಹತ್ತುವಷ್ಟರಲ್ಲೇ ಮುದ್ದಪ್ಪನಿಗೆ ಗೊತ್ತಾಗಿಹೋಯಿತು, ಇಲ್ಲಿ ಕುರಿಗಳಿವೆ. ಬೇಲಿಮುಳ್ಳಿಗೆ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಹಾದಿಯ ಮೇಲಿನ ಹಿಕ್ಕೆ ಇನ್ನೂ ಹಸಿ. ಊರು ಮಾತ್ರ ಬಾಯಿಗೆ ಬಟ್ಟೆ ತುರುಕಿಕೊಂಡಂತೆ ಸುಮ್ಮನಿತ್ತು. ಏಳುನೂರು ವರ್ಷ ಹಳೆಯ ಊರಂತೆ. ಕಲ್ಲಿನ ಮನೆ, ಕಲ್ಲಿನ ಓಣಿ, ನೆತ್ತಿಯ ಮೇಲೊಂದು ಇಗರ್ಜಿ. ಪಾವಗಡದ ಬೆಟ್ಟದ ಕೋಟೆಯೊಳಗೆ ಜನ ಇವತ್ತಿಗೂ ಒಲೆ ಹೊತ್ತಿಸುತ್ತಿದ್ದರೆ ಹಿಂಗೇ ಇರುತ್ತಿತ್ತು ಎಂದುಕೊಂಡ.

"ಏನಾರ ಕಣ್ಣಿಗೆ ಬಿತ್ತೇನ್ಲಾ?" ಹಿಂದಿನಿಂದ ಹವಾಲ್ದಾರ್ ವೃಷಭೇಂದ್ರಪ್ಪ ಏದುಸಿರು ಬಿಡುತ್ತ ಕೇಳಿದ.

"ಏನೂ ಇಲ್ಲ ಹವಾಲ್ದಾರ್ರೇ."

ಮಹಾಯುದ್ಧಕ್ಕೆಂದು ಬಂದು ಕೆಳಗೆ ಹೊಳೆಗೆ ಸೇತುವೆ ಕಟ್ಟುತ್ತಿದ್ದ ಅವರ ಪಲ್ಟನ್ನಿನ ಬಿಳಿ ಸಾಹೇಬರಿಗೆ ನಾಳೆ ಮಾಂಸದೂಟ ಆಗಬೇಕಿತ್ತು. ಊರಲ್ಲಿ ಎಷ್ಟು ಕುರಿ ಸಿಕ್ಕರೆ ಅಷ್ಟನ್ನೂ ಹೊಡೆದುಕೊಂಡು ಬಾ ಎಂದು ವೃಷಭೇಂದ್ರಪ್ಪನಿಗೆ ಹುಕುಂ ಆಗಿತ್ತು. ಮಧುಗಿರಿಯ ಶಿವಭಕ್ತರ ಮನೆಯ ಮಗ ಆತ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವನಲ್ಲ, ಕುರಿ ಯಾವುದು ಟಗರು ಯಾವುದು ಎಂದೂ ಅರಿಯ. ಅದಕ್ಕೇ ಕುರಿ ಕಾಯುವ ಮನೆಯ ಮುದ್ದಪ್ಪನನ್ನು ಜೊತೆಗೆ ಎಳೆದುಕೊಂಡು ಬಂದಿದ್ದ.

ಹುಕುಂ ಕೇಳಿದಾಗಲೇ ಮುದ್ದಪ್ಪನಿಗೆ ಹಳೆಯದೊಂದು ಸಿಟ್ಟು ನೆನಪಾಗಿತ್ತು. ಅವನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಯಾರೋ ದೊಡ್ಡ ಅಧಿಕಾರಿ ಅವನ ಊರು ರಾಯಚರ್ಲಿಗೆ ಸವಾರಿ ಬಂದಿದ್ದ. ಅವನ ಆಳುಗಳು ಕುರಿ ಕೇಳಿದಾಗ ಹಿಂಡು ಗುಡ್ಡದ ಮೇಲಿತ್ತು. ಅಪ್ಪನೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಅಪ್ಪನ ದನಿಯೆಂದು ನಂಬಿ ಕುರಿಗಳು ಓಡಿಬಂದವು. ಆರು ಕುರಿ ಸಾಹೇಬನ ಊಟಕ್ಕೆ ಹೋದವು. ಅಕ್ಷರ ಕಲಿತವರ ಕೆಲಸ ಇದಾದರೆ ನನಗೆ ಅಕ್ಷರವೇ ಬೇಡವೆಂದು ಮುದ್ದಪ್ಪ ಮಾರನೆಯ ದಿನ ಸ್ಲೇಟನ್ನು ಬಾವಿಗೆ ಎಸೆದ.

ಓಣಿಯ ಕೊನೆಯ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ವೃಷಭೇಂದ್ರಪ್ಪ ಎರಡು ಕೈಯನ್ನು ಕೊಂಬು ಮಾಡಿ ತಲೆಗಿಟ್ಟು ತೋರಿಸಿದ.

"ನಿಯೆಂತೆ," ಎಂದಳು ಮುದುಕಿ, ಕೈ ಕೊಡವಿ. ಇಲ್ಲ ಎನ್ನುವುದಕ್ಕೆ ಅವರ ಮಾತು ಅದು. ಅವಳ ಉಡಿಯ ಮೇಲೆ ಹಾಲಿನ ಕಲೆ ಹಸಿಯಾಗಿತ್ತು. ಮುದ್ದಪ್ಪ ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು.

"ಸುಳ್ಳು ಬೊಗಳ್ತಾವ್ಳೆ ಮುದ್ಕಿ. ಎಲ್ಲೋ ಬಚ್ಚಿಟ್ಟವ್ಳೆ," ಎಂದ ಹವಾಲ್ದಾರ್. "ನೀನು ಕೂಗ್ಲಾ. ಕುರಿ ಕಾಯೋನ್ ಕೂಗು ಕೇಳಿದ್ರೆ ಓಡ್ಬತ್ತವೆ."

ಮುದ್ದಪ್ಪನಿಗೆ ಒಳಗೊಳಗೇ ನಗು ಬಂತು. ರಾಯಚರ್ಲಿಯಲ್ಲೇ ಒಬ್ಬನ ಕುರಿ ಪಕ್ಕದ ಮನೆಯವನ ಕೂಗಿಗೆ ಕಿವಿ ಅಲ್ಲಾಡಿಸುವುದಿಲ್ಲ. ಸಾಕಿದವರ ದನಿಗಷ್ಟೇ ಕುರಿ ಬರುವುದು. ಇದು ತಿಳಿಯಬೇಕಾದರೆ ಹಿಂಡಿನ ಹಿಂದೆ ನಾಲ್ಕು ದಿನ ನಡೆದಿರಬೇಕು.

ಓಣಿಯ ಮಧ್ಯೆ ಕಾಲಗಲಿಸಿ ನಿಂತು, ಎದೆ ತುಂಬ ಉಸಿರೆಳೆದು ಕೂಗಿದ. "ಟ್ರ್ರ್ರ್... ಬಾವ್ವಾ... ಬಾ..." ಅಪ್ಪನ ಕೂಗನ್ನೇ ಕೂಗಿದ. ಕಲ್ಲುಗೋಡೆಗಳು ಅದನ್ನು ಎತ್ತಿ ಎತ್ತಿ ಮರಳಿಸಿದವು. ಒಂದು ಬಾಲವೂ ಅಲುಗಲಿಲ್ಲ.

ಆಗ ಇಗರ್ಜಿಯ ಹಿಂದಿನಿಂದ ಒಂದು ಮರಿ, ತೀರ ಎಳೆಯದು, ಬ್ಯಾ ಎಂದಿತು. ಮುದುಕಿಯ ಮುಖ ಬೂದಿಯಾಯಿತು.

ಹವಾಲ್ದಾರ್ ತಿರುಗುವ ಮೊದಲೇ ಮುದ್ದಪ್ಪ ಅದೇ ದನಿಯಲ್ಲಿ, ಮೂಗಿನಿಂದ, ಬ್ಯಾ ಎಂದ. ಮತ್ತೊಮ್ಮೆ ಎಂದ.

"ಏನ್ಲಾ ಅದು?"

"ನಾನೇ ಹವಾಲ್ದಾರ್ರೇ. ಮರಿ ಕೂಗು ಹಾಕುದ್ರೆ ತಾಯಿ ಬತ್ತದೆ ಅಂತ."

"ಮೊದ್ಲುದೂ ನೀನೇಯಾ?"

"ಇನ್ಯಾರು, ಮುದ್ಕೀನಾ?"

ವೃಷಭೇಂದ್ರಪ್ಪ ಮುದುಕಿಯನ್ನು ನೋಡಿದ. ಅವಳು ಸೆರಗಿನಂಥ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ.

"ನಡಿ, ಅಳೋ ಮುದ್ಕಿ ಮುಂದೆ ನಿಂತ್ಕಬಾರ್ದು," ಎಂದು ದಾರಿ ಹಿಡಿದ.

ಇಳಿಯುವಾಗ ಅರ್ಧ ಗುಡ್ಡದವರೆಗೂ ಬೈದ. "ಸಾಹೇಬ್ರಿಗೆ ಏನ್ ಹೇಳ್ಳಿ ಈಗ? ಕುರಿ ಕಾಯೋರ ವಂಶದಾಗೆ ಹುಟ್ಟಿ ಒಂದು ಕುರಿ ಕರೆಯಕ್ಕೆ ಬರಲ್ವಲ್ಲೋ ನಿಂಗೆ, ಥೂ."

ಮುದ್ದಪ್ಪ ಬೇಲಿಮುಳ್ಳಿನ ಉಣ್ಣೆಯ ಎಳೆಯನ್ನು ನಡೆಯುತ್ತಲೇ ಕಿತ್ತು ಜೇಬಿಗೆ ಹಾಕಿಕೊಂಡ.

"ನಮ್ಮಪ್ಪಂಗೆ ಬತ್ತಿತ್ತು ಹವಾಲ್ದಾರ್ರೇ," ಎಂದ. "ನಾನು ಕಲೀಲಿಲ್ಲ."